ಜಾಗರ್ ಪ್ಯಾಂಟು, ಟೀಶರ್ಟು ಆಫೀಸಿಗೆ ಒಗ್ಗಬೇಕಾದರೆ: ಕೈ ಹಾಕಬೇಕಾದ್ದು ಅಂಚಿಗೆ

ಜಾಗರ್ ಪ್ಯಾಂಟು ಮಾರು ದೂರದಿಂದಲೇ ಜಾಗರ್ ಅಂತ ಗೊತ್ತಾಗುವುದು ಬಟ್ಟೆಯಿಂದಲ್ಲ. ಕಾಲಿನ ತುದಿಯ ರಿಬ್ ಪಟ್ಟಿ (ಏಣು ಏಣಾಗಿ ಹೆಣೆದ, ಹಿಗ್ಗುವ ಪಟ್ಟಿ), ಹೊಟ್ಟೆಯ ಮೇಲಿನ ನೆರಿಗೆ, ಜೋತಾಡುವ ಲಾಡಿ, ಇವುಗಳಿಂದ. ಟೀಶರ್ಟನ್ನು ಹಿಡಿದುಕೊಡುವುದೂ ಜೋಲು ಬಿದ್ದ ಕತ್ತು ಮತ್ತು ಅಲೆಅಲೆಯಾದ ಕೆಳ ಅಂಚೇ. ಹಾಗಾಗಿ ಮೈಗೆ ಹಿತವಾದ ನಡುಭಾಗವನ್ನು ನಾನು ಮುಟ್ಟುವುದಿಲ್ಲ, ಅಂಚುಗಳನ್ನಷ್ಟೇ ಬಿಚ್ಚಿ ಹೊಲಿಯುತ್ತೇನೆ.

ಎಲ್ಲ ಬಟ್ಟೆಯೂ ಈ ಶ್ರಮಕ್ಕೆ ತಕ್ಕುದಲ್ಲ. ಪ್ಯಾಂಟಿನ ಮೊಣಕಾಲಿನ ಜಾಗದಲ್ಲಿ 10 ಸೆಂ.ಮೀ. ಅಂತರಕ್ಕೆ ಎರಡು ಗುರುತು ಹಾಕಿ, 13ಕ್ಕೆ ಎಳೆದು, ಅರ್ಧ ನಿಮಿಷ ಹಿಡಿದು ಬಿಡಿ. ಹತ್ತೂವರೆಯೊಳಗೆ ವಾಪಸ್ ಬಂದರೆ ಕೆಲಸಕ್ಕೆ ಬರುತ್ತದೆ. 11ರಲ್ಲೇ ನಿಂತರೆ, ಕುರ್ಚಿಯಿಂದ ಏಳುವ ಹೊತ್ತಿಗೆ ಮೊಣಕಾಲು ಚೀಲದಂತೆ ಉಬ್ಬಿರುತ್ತದೆ. ಅಂಥದ್ದು ಮನೆಗೇ ಇರಲಿ. ಒಳಗೆ ತುಪ್ಪಳವಿರುವ ಫ್ಲೀಸ್ ಬೇಡ, ಮಡಚಿದಲ್ಲೆಲ್ಲ ದಪ್ಪವಾಗುತ್ತದೆ. ಲೈಕ್ರಾ (ಹಿಗ್ಗುವ ಎಳೆ) ಸೇರಿದ ಪಾಂಟೆ ನಿಟ್, ಅಂದರೆ ದಪ್ಪನೆಯ ಗಟ್ಟಿ ಹೆಣಿಗೆ ಬಟ್ಟೆ, ಸಿಕ್ಕರೆ ಅರ್ಧ ಕೆಲಸ ಆದಂತೆಯೇ. ಟೀಶರ್ಟಾದರೆ 180ರಿಂದ 220 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ). ಹತ್ತಿ ಹೆಣಿಗೆ ಕುಗ್ಗುತ್ತದೆ, ಆದ್ದರಿಂದ ಹೊಸ ಬಟ್ಟೆಯನ್ನು ಒಮ್ಮೆ ಒಗೆದು ಒಣಗಿಸದೆ ಕತ್ತರಿ ಹಾಕಬೇಡಿ.

ಹೆಚ್ಚು ಹೊತ್ತು ಹಿಡಿಯುವುದು ಸೊಂಟ. ಸುತ್ತ ಎಲಾಸ್ಟಿಕ್ ಇದ್ದರೆ ಮುಂದೆಯೂ ನೆರಿಗೆ ಬೀಳುತ್ತದೆ. ಮುಂಭಾಗದ ನಡುವೆ ಚಪ್ಪಟೆಯಾಗಿಸಿ, ಎಳೆತವನ್ನೆಲ್ಲ ಪಕ್ಕಕ್ಕೂ ಹಿಂದಕ್ಕೂ ತಳ್ಳಬೇಕು. 84 ಸೆಂ.ಮೀ. ಸೊಂಟಕ್ಕೆ ನನ್ನ ಲೆಕ್ಕ ಹೀಗೆ: ಮುಂದೆ 26 ಸೆಂ.ಮೀ. ಚಪ್ಪಟೆ, ಉಳಿದ 58ಕ್ಕೆ ಹತ್ತರಲ್ಲಿ ಒಂದು ಪಾಲು ಕಳೆದು 52 ಸೆಂ.ಮೀ. ಎಲಾಸ್ಟಿಕ್, ಎರಡು ತುದಿಯ ಹೊಲಿಗೆಗೆ ಇನ್ನೆರಡು, ಒಟ್ಟು 54. ಅಗಲ 4 ಸೆಂ.ಮೀ. ಇರಲಿ, ಎರಡೂವರೆಯದು ಕೂತಾಗ ಸುರುಳಿ ಸುತ್ತಿಕೊಳ್ಳುತ್ತದೆ. ಲಾಡಿ, ಹಳೆ ಎಲಾಸ್ಟಿಕ್ ಎರಡನ್ನೂ ತೆಗೆದು, ಮುಂದೆ ಹೆಚ್ಚಾಗಿ ಉಳಿಯುವ ಬಟ್ಟೆಯನ್ನು ಎರಡು ಪ್ಲೀಟಿನಲ್ಲಿ (ಮಡಚಿ ಹೊಲಿದ ಮಡಿಕೆ) ಅಡಗಿಸಿ. ಒಂದೊಂದಕ್ಕೆ 3 ಸೆಂ.ಮೀ. ನುಂಗಿದರೆ ಸಾಕು. ಚಪ್ಪಟೆ ಭಾಗದ ಒಳಗೆ ಹಿಗ್ಗುವ ಜಾತಿಯ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಪದರ) ಅಂಟಿಸಿ, ಎಲಾಸ್ಟಿಕ್ಕಿನ ತುದಿಗಳನ್ನು ಎರಡೆರಡು ನೇರ ಹೊಲಿಗೆಯಿಂದ ಭದ್ರಪಡಿಸಿ. ಶರ್ಟಿನ ಕಾಲರಿಗೆ ಹಾಕುವ ಬಿಗಿ ಕ್ಯಾನ್ವಾಸ್ ಇಲ್ಲಿ ಹಾಕಿದರೆ ಕೆಟ್ಟಿತು: ಪ್ಯಾಂಟು ನೋಡಲು ಚೆನ್ನಾಗಿರುತ್ತದೆ, ಪೃಷ್ಠ ದಾಟಿ ಮೇಲೆ ಬರುವುದೇ ಇಲ್ಲ. ಸೊಂಟದ ಪಟ್ಟಿಯ ಬಾಯಿ ಹೊಲಿದು ಮುಚ್ಚುವ ಮೊದಲು ಅದನ್ನು ಪೂರ್ತಿ ಎಳೆದು ಅಳೆಯಿರಿ. ಪೃಷ್ಠದ ಸುತ್ತಳತೆ 100 ಇದ್ದರೆ ಎಳೆದ ಪಟ್ಟಿ 102 ಆದರೂ ಮುಟ್ಟಬೇಕು. ಮುಟ್ಟದಿದ್ದರೆ ಪ್ಲೀಟನ್ನು ಚಿಕ್ಕದು ಮಾಡಿ.

ಕಾಲಿನ ರಿಬ್ ತೆಗೆದರೆ ಉದ್ದದಲ್ಲಿ 6–7 ಸೆಂ.ಮೀ. ಹೋಗುತ್ತದೆ. ಅದರ ಮೇಲೆ ಅಂಚು ಮಡಚಿದರೆ ಇನ್ನೂ ಮೋಟು. ಅದಕ್ಕೇ ಮಡಚುವುದಿಲ್ಲ. ಅದೇ ದಪ್ಪದ ಬಟ್ಟೆಯ 5 ಸೆಂ.ಮೀ. ಪಟ್ಟಿಯೊಂದನ್ನು ಕೆಳಗಿನ ಬಾಯಿಗೆ ಜೋಡಿಸಿ ಒಳಕ್ಕೆ ತಿರುಗಿಸುತ್ತೇನೆ. ಹೀಗೆ ಮಾಡಿದರೆ ರಿಬ್ಬಿನ ಮೇಲೆ ಇನ್ನು ಕಳೆದುಕೊಳ್ಳುವುದು ಮುಕ್ಕಾಲು ಸೆಂ.ಮೀ. ಮಾತ್ರ.

ಟೀಶರ್ಟಿನ ಕತ್ತಿಗೆ ಹೊಸ ರಿಬ್ ಪಟ್ಟಿ. ಹಳೆಯದನ್ನು ಬಿಚ್ಚಿ, ಹೊಲಿಗೆ ಬೀಳುವ ಗೆರೆಯಲ್ಲೇ ಸುತ್ತಳತೆ ತೆಗೆಯಿರಿ. ಕತ್ತರಿಸಿದ ತುದಿಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಅದರ ಶೇ. 85ರಷ್ಟು ಉದ್ದ ಸಾಕು: 50 ಸೆಂ.ಮೀ. ಕತ್ತಿಗೆ 42.5, ಜೋಡಣೆಗೆ 1.5 ಸೇರಿ 44. ಅಗಲ 5 ಕತ್ತರಿಸಿದರೆ ಮಡಚಿ ಹೊಲಿದ ಮೇಲೆ ಒಂದೂಮುಕ್ಕಾಲು ಕಾಣುತ್ತದೆ. ಪಟ್ಟಿ ಉದ್ದವಾದರೆ ಕತ್ತಿನಿಂದ ದೂರ ನಿಲ್ಲುತ್ತದೆ, ತೀರಾ ಗಿಡ್ಡವಾದರೆ ಎದೆಯ ಮೇಲೆ ಸುಕ್ಕು ಬೀಳುತ್ತದೆ. ಪಟ್ಟಿಯನ್ನೂ ಕತ್ತನ್ನೂ ನಾಲ್ಕು ಸಮಭಾಗ ಮಾಡಿ ಗುಂಡುಪಿನ್ನು ಚುಚ್ಚಿಕೊಂಡರೆ ಎಳೆತ ಒಂದೇ ಕಡೆ ಸೇರುವುದಿಲ್ಲ.

ಸೂಜಿ ಬಾಲ್‌ಪಾಯಿಂಟ್ (ಮೊನೆ ದುಂಡಗಿರುವುದು), ಅಳತೆ 80. ಮಾಮೂಲಿ ಚೂಪು ಸೂಜಿ ಹೆಣಿಗೆಯ ಎಳೆಯನ್ನೇ ಕಡಿಯುತ್ತದೆ, ಒಗೆದ ಮೇಲೆ ಹೊಲಿಗೆಯುದ್ದಕ್ಕೂ ಸಣ್ಣ ತೂತು ಕಾಣುತ್ತವೆ. ಪಾಲಿಯೆಸ್ಟರ್ ನೂಲು, ಉದ್ದ 3 ಮಿ.ಮೀ., ಅಗಲ ಅರ್ಧ ಮಿ.ಮೀ. ಇರುವ ಸಣ್ಣ ಜಿಗ್‌ಜಾಗ್. ಹಿಗ್ಗುವ ಕಡೆ ನೇರ ಹೊಲಿಗೆ ಹಾಕಿದರೆ ಎಳೆದಾಗ ಚಟ್ಟನೆ ಕಿತ್ತುಬರುತ್ತದೆ. ಕೆಳ ಅಂಚು ಅಲೆಯಾಗುವುದು ಮೆಷಿನ್ನಿನ ಪಾದ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಬಟ್ಟೆಯನ್ನು ಹಿಗ್ಗಿಸುತ್ತಿರುವಾಗಲೇ ನೂಲು ಕೂತುಬಿಡುವುದರಿಂದ. ಪಾದದ ಒತ್ತಡ ಕಡಿಮೆ ಮಾಡಿ, ಮಡಿಕೆಯೊಳಗೆ ಒಂದೂವರೆ ಸೆಂ.ಮೀ. ಫ್ಯೂಸಿಂಗ್ ಪಟ್ಟಿ ಅಂಟಿಸಿ. ಸಣ್ಣಪುಟ್ಟ ಅಲೆಯಾದರೆ ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಹಿಡಿದು ಆವಿ ಬಿಟ್ಟರೆ ಕೂರುತ್ತದೆ.

ಪ್ಯಾಂಟಿಗೆ ನಡುಗೆರೆ ಬೇಕೇಬೇಕೆಂದಿಲ್ಲ, ಆದರೆ ಅದೊಂದಿದ್ದರೆ ನಿಟ್ ಅಂತ ಯಾರಿಗೂ ಅನಿಸುವುದಿಲ್ಲ. ಇಸ್ತ್ರಿಯ ಗೆರೆ ನಿಟ್ಟಿನಲ್ಲಿ ಮಧ್ಯಾಹ್ನಕ್ಕೇ ಮಾಯ. ಅದಕ್ಕೆ ಗೆರೆಯ ಮೇಲೆ ಮಡಚಿ ಅಂಚಿನಿಂದ 2 ಮಿ.ಮೀ. ಒಳಗೆ ಹೊಲಿದುಬಿಡುತ್ತೇನೆ. ಮೊಣಕಾಲಿನ ಕೆಳಗೆ ಎರಡು ಪಕ್ಕದ ಹೊಲಿಗೆಗಳ ನಟ್ಟನಡುವೆ, ಮೇಲೆ ಹೆಣಿಗೆಯ ಒಂದೇ ಸಾಲು ಹಿಡಿದು, ಸೊಂಟಕ್ಕೆ 10 ಸೆಂ.ಮೀ. ಇರುವಾಗ ನಿಲ್ಲಿಸಿ. ಒಗೆತಕ್ಕೆ ಕಾಲು ತಿರುಚಿಕೊಂಡ ಪ್ಯಾಂಟಿಗೆ ಮಾತ್ರ ಈ ಗೆರೆ ಬೇಡ, ಕಣ್ಣಿಗೆ ಬೀಳದ ತಿರುಚನ್ನೂ ಎತ್ತಿ ತೋರಿಸುತ್ತದೆ.