ಬಳೆಚೂರಿನಿಂದ ಒಂದು ಮಣಿ

ಮೂರು ವರ್ಷದ ಹಿಂದೆ ಹಿರಿಯ ಹೆಂಗಸೊಬ್ಬರು ನನ್ನ ಕೆಲಸದ ಕೋಣೆಗೆ ಬಂದು, ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದ ಹಸಿರು ಬಳೆಚೂರುಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ತೀರಿಕೊಂಡ ಅಮ್ಮನ ಬಳೆಗಳು. "ಕೊರಳಲ್ಲಿ ಹಾಕ್ಕೊಳ್ಳೋ ಹಾಗೆ ಏನಾದ್ರೂ ಮಾಡಿಕೊಡಮ್ಮ" ಅಂದರು. ಬೆಳ್ಳಿ ಕೆಲಸದಲ್ಲಿ ನನಗೆ ಆಗಲೇ ಎಂಟು ವರ್ಷವಾಗಿತ್ತು, ಗಾಜಿನಲ್ಲಿ ಎರಡೇ ವರ್ಷ. ಆದರೂ ಒಪ್ಪಿಕೊಂಡೆ.

ನಗರ್ತಪೇಟೆಯ ಅಕ್ಕಸಾಲಿಯೊಬ್ಬರ ಹತ್ತಿರ ಕೆಲಸ ಕಲಿತವಳು ನಾನು. ಬೆಳ್ಳಿಗೆ ಬಿಳಿಗಾರ ಹಚ್ಚಿ, ಬೆಸುಗೆ ಹಾಕಿ, ಕೆಂಪು ಆರಿದ ಮೇಲೆ ನೀರಿಗೆ ಅದ್ದಿದರೆ ಚುಂಯ್ ಅನ್ನುತ್ತದೆ, ಅಷ್ಟೇ. ತಪ್ಪಾದರೆ ಕರಗಿಸಿ ಮತ್ತೆ ಎಳೆಯಬಹುದು. ಬಿಸಿ ಗಾಜನ್ನು ಹಾಗೆ ನೀರಿಗೆ ಅದ್ದಿದರೆ ಚೂರುಚೂರು.

ಮೊದಲ ಸಲ ಮಾಡಿದ್ದು ಹೀಗೆ: ಜೇಡಿಮಣ್ಣಿನಂಥ ಲೇಪ ಹಚ್ಚಿದ ಸ್ಟೀಲ್ ಕಡ್ಡಿಗೆ, ನಾನು ದಿನವೂ ಬಳಸುವ ಇಟಲಿಯ ತಿಳಿಗಾಜನ್ನು ಜ್ವಾಲೆಯಲ್ಲಿ ಕರಗಿಸಿ ಸುತ್ತಿದೆ. ಅದರ ಮೇಲೆ ಬಳೆಚೂರನ್ನು ಕೂರಿಸಿದೆ. ಸುಮಾರು 510 ಡಿಗ್ರಿಯ ವಿದ್ಯುತ್ ಕುಲುಮೆಯಲ್ಲಿಟ್ಟು ರಾತ್ರಿಯೆಲ್ಲ ನಿಧಾನವಾಗಿ ಆರಿಸಿದೆ. ಬೆಳಿಗ್ಗೆ ನೋಡಿದರೆ ಮಣಿ ತುಂಬ ಚೆನ್ನಾಗಿತ್ತು. ಮೂರನೇ ದಿನ ಮೇಜಿನ ಮೇಲಿದ್ದಂತೆಯೇ ಟಕ್ ಅಂತ ಎರಡಾಯಿತು. ಚೂರು ತಂದುಕೊಟ್ಟ ಆ ಹಿರಿಯ ಹೆಂಗಸಿನ ಮುಖ ನೆನೆದು ಅವತ್ತು ನನಗೆ ಊಟ ಸೇರಲಿಲ್ಲ.

ತಪ್ಪು ತಣ್ಣಗಾಗಿಸಿದ್ದರಲ್ಲಿ ಇರಲಿಲ್ಲ. ಬಿಸಿಗೆ ಒಂದೊಂದು ಗಾಜು ಒಂದೊಂದು ಅಳತೆಯಲ್ಲಿ ಹಿಗ್ಗುತ್ತದೆ, ಆರುವಾಗ ಅಷ್ಟೇ ಕುಗ್ಗುತ್ತದೆ. ನನ್ನ ಕಡ್ಡಿಗಾಜಿನ ಕಟ್ಟಿನ ಮೇಲೆ 104 ಅಂತ ಬರೆದಿರುವುದು ಆ ಅಳತೆಯನ್ನೇ. ಬಳೆಯ ಗಾಜಿನ ಅಳತೆ ಬೇರೆ. ಜೊತೆಗೆ ಕರಗಿದ ಎರಡು ಗಾಜು ಆರಿದ ಮೇಲೂ ಒಳಗೊಳಗೇ ಜಗ್ಗಾಡುತ್ತಿದ್ದವು. ಈಗ ಪ್ರತಿ ಮಣಿಯನ್ನೂ ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಹಿಡಿದು, ಪೋಲರೈಸ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ ನೋಡುತ್ತೇನೆ. ಒಳಗೆ ಸೆಳೆತವಿದ್ದರೆ ಆ ಕಪ್ಪಿನಲ್ಲಿ ಮಣಿ ಬೆಳ್ಳಗೆ ಹೊಳೆಯುತ್ತದೆ.

ಎರಡನೇ ಸಲ ಬೇರೆ ಗಾಜನ್ನು ಮುಟ್ಟಲಿಲ್ಲ, ಬರೀ ಬಳೆಚೂರು. ನೇರ ಜ್ವಾಲೆಗೆ ಒಡ್ಡಿದರೆ ಚೂರು ಸಿಡಿದು ಮುಖಕ್ಕೇ ಬರುತ್ತದೆ. ಅದಕ್ಕೆ ಮೊದಲು ಕುಲುಮೆಯಲ್ಲೇ ಕಾಯಿಸಿ, ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ ಕರಗಿಸಿದೆ. ಬಳೆಯ ಮೇಲಿನ ಚಿನ್ನದ ಬಣ್ಣ ಸುಟ್ಟುಹೋಯಿತು, ಹಸಿರು ಉಳಿಯಿತು. ಇದ್ದ ಚೂರಿನಲ್ಲಿ ಆದದ್ದು ಕಡಲೆಕಾಳಿನ ಗಾತ್ರದ ಮೂರು ಮಣಿ.

ಇಷ್ಟು ಅಗ್ಗದ ಗಾಜಿಗೆ ಬೆಳ್ಳಿ ಯಾಕೆ ಎಂದು ಕೇಳಿದವರುಂಟು. ಫ್ರಾನ್ಸಿನ ರೆನೆ ಲಾಲಿಕ್ (1860–1945) ಚಿನ್ನದ ಒಡವೆಯಲ್ಲಿ ಗಾಜು, ದನದ ಕೊಂಬು ಕೂರಿಸಿ ಹೆಸರಾದವರು. ಆಮೇಲೆ ಒಡವೆ ಬಿಟ್ಟು ಗಾಜಿಗೇ ಹೊರಳಿ, 1921ರಲ್ಲಿ ಅಲ್ಸಾಸ್ ಸೀಮೆಯಲ್ಲಿ ಕಾರ್ಖಾನೆ ಕಟ್ಟಿಸಲು ಶುರುಮಾಡಿದರು. ಅವರ ಕೆಲಸದ ಚಿತ್ರ ನೋಡುವಾಗೆಲ್ಲ ನನಗೆ ಧೈರ್ಯ ಬರುತ್ತದೆ. ಮೂರು ಮಣಿಗೂ 92.5 ಬೆಳ್ಳಿಯ ಪುಟ್ಟ ಟೊಪ್ಪಿ ಮಾಡಿದೆ. ಬೆಸುಗೆಯೆಲ್ಲ ಮೊದಲೇ ಮುಗಿಸಬೇಕು, ಮಣಿ ಕೂತ ಮೇಲೆ ಬೆಂಕಿ ತೋರಿಸುವಂತಿಲ್ಲ. ಕೊನೆಗೆ ತಂತಿಯ ತುದಿಯನ್ನು ತಣ್ಣಗೇ ಸುತ್ತಿ ಮುಚ್ಚಿದೆ.

ಈಚೆಗೆ ಕಾಫಿ ಲೋಟವನ್ನೂ ವಿನ್ಯಾಸ ಮಾಡುತ್ತಿದ್ದೇನೆ. ಪ್ರಯೋಗಾಲಯದ ಗಾಜಿನ ಸಾಮಾನು ಮಾಡುವವರೊಬ್ಬರು ಬೋರೋಸಿಲಿಕೇಟ್ ಎಂಬ, ಬಿಸಿ ತಡೆಯುವ ಗಾಜಿನ ಕೊಳವೆಯಿಂದ ಊದಿ ಕೊಡುತ್ತಾರೆ. ಸ್ಟೀಲ್ ಲೋಟಕ್ಕಿರುವಂತೆ ಅಂಚು ಹೊರಕ್ಕೆ ಮಡಿಚಿರಬೇಕು, ಬಿಸಿ ಕಾಫಿಯನ್ನು ಬೆರಳು ಅಲ್ಲೇ ಹಿಡಿಯುವುದು. ಆ ಅಂಚಿಗೆ ಬಳೆಗಾಜಿನ ಹಸಿರು ಚುಕ್ಕಿ ಇಡೋಣ ಎಂದೆ. ಅವರು ತಲೆಯಾಡಿಸಿ, "ಈ ಲೋಟದ ಗಾಜು ಹಿಗ್ಗೋದು ಬಳೆಗಾಜಿನ ಮೂರನೇ ಒಂದು ಪಾಲು ಮೇಡಂ, ಚುಕ್ಕಿ ನಿಲ್ಲಲ್ಲ" ಅಂದರು. ಹಸಿರು ಬೇಕು ಅನ್ನುವವರಿಗೆ ಈಗ ಲೋಟದ ಅಂಚಿನ ಕೆಳಗೆ ಬೆಳ್ಳಿ ತಂತಿ ಸುತ್ತಿ, ಒಂದು ಮಣಿ ಪೋಣಿಸಿ ಕೊಡುತ್ತಿದ್ದೇನೆ.