ಸರ್ವರ್ ಓಡುತ್ತಿತ್ತು, ರಿಲೇ ಮಾತ್ರ ಆನ್ ಆಗಲಿಲ್ಲ

ರಿಲೇ ಬೋರ್ಡ್ (ಕಂಪ್ಯೂಟರ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್‌ಗಳ ಬೋರ್ಡ್) ಕಂಟ್ರೋಲ್ ಮಾಡುವ ನನ್ನ ಆ್ಯಪ್, ಅದನ್ನು ಬರೆದ ಎಡಿಟರ್ ಒಳಗೆ ಚೆನ್ನಾಗಿ ಓಡುತ್ತಿತ್ತು. ಬ್ರೌಸರಿನಲ್ಲಿ ತೆರೆಯುವಂತೆ ಸರ್ವರ್ ಆಗಿ ಎಕ್ಸ್‌ಪೋರ್ಟ್ ಮಾಡಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹಾಕಿದೆ. ಬೇರೆ ಕಂಪ್ಯೂಟರಿನಲ್ಲಿ ಪೇಜೇ ತೆರೆಯಲಿಲ್ಲ. ಸರ್ವರಿನ ಅಡ್ರೆಸ್ 127.0.0.1 ಇತ್ತು, ಅಂದರೆ ಆ ಪೈ ಒಳಗಿಂದ ಮಾತ್ರ ತೆರೆಯುತ್ತದೆ; ನೆಟ್‌ವರ್ಕಿನ ಬೇರೆ ಕಂಪ್ಯೂಟರುಗಳಿಗೂ ತೆರೆಯುವಂತೆ 0.0.0.0 ಮಾಡಿದೆ, ತೆರೆಯಿತು. ಪಾಸ್‌ವರ್ಡ್ ಇಲ್ಲದೆ ಮಾತ್ರ ಹೀಗೆ ಮಾಡಬೇಡಿ.

ಆದರೆ ಬಟನ್ ಒತ್ತಿದರೆ ರಿಲೇಯ ಟಿಕ್ ಸದ್ದೇ ಇಲ್ಲ! ಎರಡು ಸಂಜೆ ಇದರಲ್ಲೇ ಹೋಯಿತು. ಕೇಬಲ್ ಬದಲಿಸಿದೆ. ಬಾಡ್ ರೇಟ್ (ಬೋರ್ಡಿನ ಜೊತೆ ಡೇಟಾ ಹೋಗಿಬರುವ ವೇಗ) 9600 ಸರಿಯಾಗೇ ಇತ್ತು. ಕೊನೆಗೆ ಲಾಗ್ ತೆಗೆದರೆ 'ಪರ್ಮಿಷನ್ ಡಿನೈಡ್', ಅಂದರೆ ಪೋರ್ಟ್ ಬಳಸಲು ಅನುಮತಿ ಇಲ್ಲ. ಕೈಯಾರೆ ಓಡಿಸಿದಾಗ ಆ್ಯಪ್ ಓಡುವುದು ನನ್ನ ಯೂಸರ್ ಹೆಸರಿನಲ್ಲಿ, ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಪ್ರೋಗ್ರಾಮ್‌ಗಳನ್ನು ತಾನಾಗೇ ಶುರು ಮಾಡುವ ವ್ಯವಸ್ಥೆ) ಸರ್ವಿಸ್ ಆಗಿ ಓಡುವುದು ಬೇರೆ ಯೂಸರ್ ಹೆಸರಿನಲ್ಲಿ. ಆ ಯೂಸರನ್ನು, ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪಿಗೆ ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಟಿಕ್! ಎಷ್ಟು ಖುಷಿಯಾಯಿತು ಗೊತ್ತಾ?

ರೀಬೂಟ್ ಆದಾಗ ಯುಎಸ್‌ಬಿ ಸೀರಿಯಲ್ ಪೋರ್ಟಿನ ನಂಬರ್ ಬದಲಾಗಬಹುದು. ಅದಕ್ಕೇ ಈಗ ಆ್ಯಪಿಗೆ /dev/serial/by-id ಫೋಲ್ಡರಿನಲ್ಲಿರುವ, ಬದಲಾಗದ ಹೆಸರನ್ನೇ ಕೊಟ್ಟಿದ್ದೇನೆ.