ಟೆಕ್ಸಾಸ್‌ನಲ್ಲಿ ಹೊಸ ಮನೆ: ಮೊದಲ ವರ್ಷದ ಶಾಲಾ ತೆರಿಗೆ ನಂಬಬೇಡಿ

ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಮನೆ ಕಂದಾಯ ಜಾಸ್ತಿ, ಅದರಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ. ಶಿವಮೊಗ್ಗದಲ್ಲಿ ಕಂದಾಯದ ಜೊತೆ ಗ್ರಂಥಾಲಯ ಕರ, ಭಿಕ್ಷುಕರ ಕರ ಕಟ್ಟುತ್ತೇವೆ. ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಮಾತ್ರ ರಾಜ್ಯದ ಖಜಾನೆಯಿಂದಲೇ ಬರುತ್ತದೆ, ಹೊಸನಗರದ ಕಾಡಂಚಿನ ಶಾಲೆಗೂ ಅಷ್ಟೇ.

ಈಗ ನಮ್ಮವರು ಪದೇ ಪದೇ ಬೀಳುವ ಗುಂಡಿ. ಟೆಕ್ಸಾಸ್‌ನಲ್ಲಿ ಜನವರಿ 1ರಂದು ಆಸ್ತಿ ಹೇಗಿತ್ತೋ ಅದರ ಮೇಲೆ ಆ ವರ್ಷದ ತೆರಿಗೆ. ನೀವು ಜೂನ್‌ನಲ್ಲಿ ಹೊಸ ಮನೆ ಕೊಂಡಿರಿ, ಜನವರಿಯಲ್ಲಿ ಅದು ಬರೀ ಸೈಟು. ಹಾಗಾಗಿ ಮೊದಲ ಬಿಲ್ಲು ಸೈಟಿಗೆ ಮಾತ್ರ. ಸಾಗರ ಕಡೆಯ ಜೋಡಿಯೊಂದು ಈ ಬಿಲ್ಲು ನೋಡಿ ಊರಿಗೆ ಫೋನ್ ಮಾಡಿ, "ಅಪ್ಪಯ್ಯ, ಇಲ್ಲಿ ಕಂದಾಯ ಏನೂ ಇಲ್ಲ" ಅಂದಿತ್ತು.

ಲೆಕ್ಕ ನೋಡಿ. ಸೈಟು 80,000 ಡಾಲರ್, ಮನೆ ಸೇರಿ 4 ಲಕ್ಷ, ಎಲ್ಲ ತೆರಿಗೆ ಸೇರಿ ದರ ಶೇ. 2 ಅಂತಿಟ್ಟುಕೊಳ್ಳಿ. ಮೊದಲ ವರ್ಷ 1,600, ಮರುವರ್ಷ 8,000. ಸಾಲ ಕೊಟ್ಟವರು ಎಸ್ಕ್ರೋಗೆ (ಕಂದಾಯ ಕಟ್ಟಲೆಂದು ಕಂತಿನ ಜೊತೆ ಹಣ ಹಿಡಿದಿಡುವ ಖಾತೆ) ಮರುವರ್ಷವೂ ತಿಂಗಳಿಗೆ 133 ಡಾಲರ್ ಹಿಡಿಯುತ್ತಿದ್ದರೆ, ಆಮೇಲೆ 667 ಬೇಕು. ಹಿಂದಿನ ಕೊರತೆ 6,400 ತುಂಬಲು ಒಂದು ವರ್ಷ ತಿಂಗಳಿಗೆ ಇನ್ನೂ 533. ಒಟ್ಟು 1,200! ಆ ಜೋಡಿ ಮಾರಿಕಾಂಬಾ ಜಾತ್ರೆಗೆ ತೆಗೆಸಿದ್ದ ಟಿಕೆಟ್ ರದ್ದು ಮಾಡಿತು. ಬಿಲ್ಡರ್ ತೋರಿಸುವ ಕಂತನ್ನು ನಂಬಬೇಡಿ. ಪೂರ್ತಿ ಬೆಲೆಗೆ ದರ ಹಾಕಿ ನೀವೇ ಗುಣಿಸಿ, ವ್ಯತ್ಯಾಸವನ್ನು ಮೊದಲ ತಿಂಗಳಿಂದಲೇ ತೆಗೆದಿಡಿ.

ಹೋಮ್‌ಸ್ಟೆಡ್ ವಿನಾಯಿತಿಗೆ, ಅಂದರೆ ನಾವೇ ವಾಸವಿರುವ ಮನೆಗೆ ಸಿಗುವ ತೆರಿಗೆ ರಿಯಾಯಿತಿಗೆ, ಅರ್ಜಿ ಹಾಕಿ. 2025ರ ನವೆಂಬರ್ ಮತದಾನದ ನಂತರ ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆ ಬೆಲೆಯಿಂದ 1,40,000 ಡಾಲರ್ ಬಿಡುತ್ತಾರೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಅದೇ ಮನೆಯ ವಿಳಾಸ ಇರಬೇಕು. ಅರ್ಜಿಗೆ ಒಂದು ಪೈಸೆ ಶುಲ್ಕವಿಲ್ಲ, ದುಡ್ಡು ಕೇಳುವ ಪತ್ರ ಬಂದರೆ ಕಸದ ಬುಟ್ಟಿಗೆ.

ಶ್ರೀಮಂತ ಬಡಾವಣೆಗೆ ಒಳ್ಳೆ ಶಾಲೆ, ಬಡವರಿಗೆ ಉಳಿದದ್ದು ಅನ್ನುವ ಗಲಾಟೆ ಕೋರ್ಟಿಗೆ ಹೋಗಿ, 1993ರಿಂದ ಆಸ್ತಿವಂತ ಡಿಸ್ಟ್ರಿಕ್ಟ್‌ಗಳ ಹಣದಲ್ಲಿ ಒಂದು ಪಾಲನ್ನು ರಾಜ್ಯ ತೆಗೆದುಕೊಳ್ಳುತ್ತದೆ. ಆದರೂ ಈ ವಿಷಯದಲ್ಲಿ ನಮ್ಮ ಖಜಾನೆ ಪದ್ಧತಿಯೇ ನ್ಯಾಯ ಅನ್ನುತ್ತೇನೆ, ಅಲ್ಲಿ ಶಾಲೆ ಮಾಡು ಸೋರುತ್ತಿದ್ದರೂ ಸರಿ.

ಇನ್ನೊಂದು. ರಾಜ್ಯ ಕೊಡುವ ಹಣ ದಾಖಲಾತಿಯ ಮೇಲಲ್ಲ, ಹಾಜರಿಯ ಮೇಲೆ. ಅಡಿಕೆ ಕೊಯ್ಲು, ಮದುವೆ ಅಂತ ನವೆಂಬರ್ ಪೂರ್ತಿ ಮಗುವನ್ನು ತೀರ್ಥಹಳ್ಳಿಯಲ್ಲಿಟ್ಟರೆ ಶಾಲೆಗೂ ನಷ್ಟ, ನಿಮಗೂ ಪತ್ರ ಬರುತ್ತದೆ. ಆರು ತಿಂಗಳಲ್ಲಿ 10 ದಿನ ಸರಿಯಾದ ಕಾರಣವಿಲ್ಲದೆ ತಪ್ಪಿಸಿದರೆ ಕೋರ್ಟಿನವರೆಗೂ ಹೋಗಬಹುದು. ಇಲ್ಲಿನ ಶಾಲೆಗೆ ರಜೆ ಇರುವ ಜೂನ್, ಜುಲೈನಲ್ಲೇ ಹೋಗಿ, ಮಳೆಯಲ್ಲಿ ನೆನೆದರೂ ಪರವಾಗಿಲ್ಲ.